ಅರಬೈಲ್ ಘಟ್ಟ ಇಳಿದ ಬೂದುಬಣ್ಣದ ಕ್ಯಾಲಿಪರ್

ಲಾಕ್‌ಡೌನ್‌ಗಳೆಲ್ಲ ಮುಗಿದು ಕಾರ್ಖಾನೆಗಳು ಮತ್ತೆ ಪೂರ್ಣ ಪಾಳಿಯಲ್ಲಿ ನಡೆಯತೊಡಗಿದ್ದ ವರ್ಷ ಅದು. ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಲೋಹಲೇಪನ ಘಟಕದಲ್ಲಿ ನಾನು ಪ್ರೊಸೆಸ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಪಂಪಿನ ಕವಚ, ಟ್ರ್ಯಾಕ್ಟರಿನ ಬಿಡಿಭಾಗ, ವಿದ್ಯುತ್ ಪೆಟ್ಟಿಗೆಯ ಬಾಗಿಲು ಹೀಗೆ ನಾನಾ ಬಗೆಯ ಕಬ್ಬಿಣ ನಮ್ಮಲ್ಲಿಗೆ ಬೆತ್ತಲೆಯಾಗಿ ಬಂದು ಮೈಮುಚ್ಚಿಕೊಂಡು ಹೋಗುತ್ತಿತ್ತು. ಯಾವುದಕ್ಕೆ ಯಾವ ಲೇಪ, ಎಷ್ಟು ದಪ್ಪ, ಎಲ್ಲಿ ಇರಲೇಬಾರದು ಎಂಬುದನ್ನು ತೀರ್ಮಾನಿಸಿ ಸಹಿ ಹಾಕುವುದು ನನ್ನ ಕೆಲಸ. ನಮ್ಮ ಅತ್ತೆಯವರು ಕೇಳಿದವರಿಗೆಲ್ಲ ‘ಬಣ್ಣಾ ಹಚ್ಚೂ ಫ್ಯಾಕ್ಟರ್‍ಯಾಗ ಅದಾಳ’ ಎಂದು ಹೇಳುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ. ಸ್ಥೂಲವಾಗಿ ಅದು ನಿಜವೇ ಆಗಿತ್ತು.

ಆ ದಿನಗಳಲ್ಲಿ ಹುಬ್ಬಳ್ಳಿಯ ಹುಡುಗರಿಗೆ ಕೆಂಪು ಬ್ರೇಕ್ ಕ್ಯಾಲಿಪರ್‌ಗಳ ಹುಚ್ಚು ಹಿಡಿದಿತ್ತು. ಕಾರಿನ ಚಕ್ರದ ಜೊತೆ ಉಕ್ಕಿನ ಒಂದು ತಟ್ಟೆ ತಿರುಗುತ್ತದೆ. ಬ್ರೇಕ್ ಒತ್ತಿದಾಗ ಆ ತಟ್ಟೆಯನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಎರಕದ ಕಬ್ಬಿಣದ ಹಿಡಿಕೆಯೇ ಕ್ಯಾಲಿಪರ್. ಚಕ್ರದ ಸಂದಿಯಿಂದ ಅದು ಕೆಂಪಗೆ ಮಿಂಚಿದರೆ ಕಾರಿಗೆ ರೇಸಿನ ಗತ್ತು ಬರುತ್ತದೆಂದು ಅವರ ನಂಬಿಕೆ. ಗೋಕುಲ ರಸ್ತೆಯಲ್ಲಿ ಬ್ರೇಕ್ ರಿಪೇರಿಯ ಗ್ಯಾರೇಜ್ ಇಟ್ಟಿದ್ದ ವಿಠ್ಠಲ ಎಂಬವರು ಹಳೆಯ ಕ್ಯಾಲಿಪರ್ ಬಿಚ್ಚಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ನಾವು ಪೌಡರ್ ಕೋಟಿಂಗ್ ಮಾಡಿಕೊಡುತ್ತಿದ್ದೆವು. ಎಂದರೆ ಬಣ್ಣದ ಒಣ ಪುಡಿಯನ್ನು ವಿದ್ಯುತ್ತಿನ ಸೆಳೆತದಿಂದ ಕಬ್ಬಿಣಕ್ಕೆ ಅಂಟಿಸಿ, ಭಟ್ಟಿಯಲ್ಲಿ ಬೇಯಿಸಿ, ಗಟ್ಟಿ ಪದರ ಮಾಡುವುದು. ನಮ್ಮ ಮಾಲೀಕರಾದ ಶಿವಾನಂದ ಅವರಿಗೆ ಈ ಕೆಲಸ ಬಹಳ ಹಿಡಿಸಿತ್ತು.

ಬೇಸಿಗೆಯ ಒಂದು ಮುಂಜಾನೆ ವಿಠ್ಠಲ ಅವರು ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದರು. ನಡುವಯಸ್ಸು, ತಲೆಯ ಮೇಲೆ ಬಿಗಿಯಾಗಿ ಹೊದ್ದ ದುಪಟ್ಟಾ, ಕೈಯಲ್ಲಿ ಗೋಣಿತಟ್ಟಿನ ಗಂಟು. ಹೆಸರು ನೂರಜಹಾನ್. ಅಂಕೋಲಾ ಕಡೆಯ ಬಂದರಿನಿಂದ ಹುಬ್ಬಳ್ಳಿಗೆ ಮೀನು ತರಿಸುವ ವ್ಯಾಪಾರ ಅವರದು. ಕಾರಿನ ಚಾಸಿಯ ಮೇಲೆಯೇ ಕಟ್ಟಿದ ಸಣ್ಣ ವ್ಯಾನುಗಳು ಮೂರು. ಅವರು ತಂದ ಮೀನನ್ನೇ ನಂಬಿ ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರು ಹಲವರಿದ್ದರು.

ಅವರು ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಕ್ಯಾಲಿಪರ್ ಇಟ್ಟರು. ಒಂದು ಕಾಲಕ್ಕೆ ಕೆಂಪಾಗಿದ್ದದ್ದು. ಈಗ ಸಿಪ್ಪೆ ಎದ್ದು, ಒಳಗಿನ ತುಕ್ಕು ಹುಣ್ಣಿನಂತೆ ಕಾಣುತ್ತಿತ್ತು.

“ಅಕ್ಕಾರ, ಇದಕ್ಕ ಬಣ್ಣಾ ಹೊಡದು ಕೊಟ್ಟಾಂವ ಗ್ಯಾರಂಟಿ ಐತಿ ಅಂದಿದ್ದ. ನನ್ನ ತಮ್ಮ ಆ ಗ್ಯಾರಂಟಿ ನಂಬಿ ಘಟ್ಟ ಇಳದಾನ” ಎಂದರು.

ಅದು ನಮ್ಮ ಘಟಕದ ಕೆಲಸವಾಗಿರಲಿಲ್ಲ. ಎಲ್ಲೋ ರಸ್ತೆಬದಿಯಲ್ಲಿ ಸ್ಪ್ರೇ ಮಾಡಿಸಿದ್ದು. ಆದರೆ ನಡೆದದ್ದನ್ನು ಕೇಳಿದಾಗ ಅದು ಯಾರ ಕೆಲಸ ಎಂಬ ಮಾತೇ ಸಣ್ಣದಾಯಿತು. ನೂರಜಹಾನ್ ಅವರ ತಮ್ಮ ರಿಯಾಜ್ ಖಾಲಿ ಡಬ್ಬಿಗಳನ್ನು ಹೇರಿಕೊಂಡು ಅರಬೈಲ್ ಘಟ್ಟ ಇಳಿಯುತ್ತಿದ್ದ. ವ್ಯಾನು ಎಡಕ್ಕೆ ಎಳೆಯತೊಡಗಿತು. ಸುಟ್ಟ ವಾಸನೆ ಬಂತು. ಒಂದು ತಿರುವಿನ ಮುಂದೆ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗಾಗಿ ನೆಲಕ್ಕೇ ಹೋಯಿತು. ಎದುರಿಗೆ ಲಾರಿ, ಆಚೆ ಕಣಿವೆ. ಅವನು ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ವ್ಯಾನನ್ನು ಗುಡ್ಡದ ಬದಿಯ ಚರಂಡಿಗೆ ಉಜ್ಜಿಸಿ ನಿಲ್ಲಿಸಿದ್ದ. ಮೈಗೆ ಹೆಚ್ಚು ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಅವನು ಘಟ್ಟದ ಹಾದಿ ಹಿಡಿದಿರಲಿಲ್ಲ. ಊರೊಳಗೆ ಮಾತ್ರ ಗಾಡಿ ನಡೆಸುತ್ತಿದ್ದ. ಬಾಡಿಗೆ ಚಾಲಕರು ಬರುತ್ತಿದ್ದರು, ಬಿಡುತ್ತಿದ್ದರು.

ನಾನು ಭೂತಗನ್ನಡಿ ಹಿಡಿದು ಕ್ಯಾಲಿಪರ್ ನೋಡಿದೆ. ಅದರೊಳಗೆ ಗೈಡ್ ಪಿನ್ ಎಂಬ ಎರಡು ಸರಳುಗಳಿರುತ್ತವೆ. ಬ್ರೇಕ್ ಒತ್ತಿ ಬಿಟ್ಟಾಗ ಕ್ಯಾಲಿಪರ್ ಹಿಂದೆ ಮುಂದೆ ಜಾರುವುದು ಅವುಗಳ ಮೇಲೆ. ನೀರು ಒಳಹೋಗದಂತೆ ಪಿನ್ನಿಗೆ ರಬ್ಬರಿನ ಟೋಪಿ ಇರುತ್ತದೆ. ಆ ಟೋಪಿ ಕೂರುವ ಅಂಚಿನಲ್ಲಿ ಬಣ್ಣ ಬಿಟ್ಟು ತುಕ್ಕು ಹುಟ್ಟಿತ್ತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ರಬ್ಬರನ್ನು ಎತ್ತಿ, ನೀರಿಗೆ ದಾರಿ ಮಾಡಿಕೊಟ್ಟಿತ್ತು. ಪಿನ್ ಕಚ್ಚಿಕೊಂಡಿತು, ಕ್ಯಾಲಿಪರ್ ಹಿಡಿದದ್ದನ್ನು ಬಿಡಲಿಲ್ಲ. ಇಳಿಜಾರಿನುದ್ದಕ್ಕೂ ಉಜ್ಜಿ ಉಜ್ಜಿ ಆ ಕಾವಿಗೆ ಬ್ರೇಕ್ ಎಣ್ಣೆ ಕುದಿದು ಒಳಗೆ ಆವಿಯಾಯಿತು. ಎಣ್ಣೆ ಒತ್ತಡವನ್ನು ದಾಟಿಸುತ್ತದೆ, ಆವಿ ಸುಮ್ಮನೆ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋದದ್ದು ಹೀಗೆ.

“ಬಣ್ಣ ಯಾವುದರ ಇರ್ಲಿ ಅಕ್ಕಾರ, ಚಂದ ಕಾಣೂದು ಬ್ಯಾಡ. ಜಂಗ ಹಿಡೀಬಾರ್ದು. ನನಗ ಅಷ್ಟ ಸಾಕು” ಎಂದು ನೂರಜಹಾನ್ ಎದ್ದು ನಿಂತರು.

ಶಿವಾನಂದ ಅವರಿಗೆ ಇದು ಸಮಸ್ಯೆಯಾಗಿಯೇ ಕಾಣಲಿಲ್ಲ. “ನಮ್ಮ ಹೈ ಹೀಟ್ ಕೆಂಪು ಪೌಡರ್ ಹಾಕಿ ಕೊಟ್ಟಬಿಡ್ರಿ ಮೇಡಮ್ಮಾರ. ಹೀಟಿಗೂ ಪಾಸ್ ಆಗೇತಿ, ಸಾಲ್ಟಿಗೂ ಪಾಸ್ ಆಗೇತಿ” ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಆ ಪೌಡರ್ ಇನ್ನೂರು ಡಿಗ್ರಿ ಕಾವನ್ನು ತಡೆದಿತ್ತು. ಉಪ್ಪುನೀರಿನ ಮಂಜು ಸುರಿಸುವ ಸಾಲ್ಟ್ ಸ್ಪ್ರೇ ಪೆಟ್ಟಿಗೆಯಲ್ಲೂ ಗೆದ್ದಿತ್ತು. ಆದರೂ ನನಗೇಕೋ ಸಮಾಧಾನವಾಗಲಿಲ್ಲ. ಒಂದು ವ್ಯಾನು ತನ್ನ ದಿನವನ್ನು ಹೇಗೆ ಕಳೆಯುತ್ತದೆ ಎಂಬುದೇ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ದಿನಚರಿಗೆ ಲೇಪ ಆರಿಸುವುದು ಹೇಗೆ? ವಾರದ ರಜೆಯ ದಿನ ಬೈರಿದೇವರಕೊಪ್ಪದಲ್ಲಿದ್ದ ಅವರ ಮನೆಗೆ ಹೋದೆ.

ರಿಯಾಜ್ ಮೂವತ್ತರ ಆಸುಪಾಸಿನ, ಎತ್ತರದ ಆಳು. ಮೊದಮೊದಲು ಹೆಚ್ಚು ಮಾತಾಡಲಿಲ್ಲ. ಅಪಘಾತದ ವಿಷಯ ಬೇಡ, ಮನೆ ಬಿಟ್ಟಾಗಿನಿಂದ ಮನೆ ಸೇರುವ ತನಕ ದಿನಾಲೂ ಏನೇನು ಮಾಡುತ್ತಿದ್ದೆ ಅದನ್ನಷ್ಟೇ ಹೇಳು ಎಂದೆ. ಆಗ ಅವನ ನಾಲಿಗೆ ಸಡಿಲಾಯಿತು. ಕಲಘಟಗಿ, ಯಲ್ಲಾಪುರ, ಆಮೇಲೆ ಘಟ್ಟ. ಘಟ್ಟದಲ್ಲಿ ಬ್ರೇಕ್ ಕಾಯುತ್ತದೆ. ಇಳಿದು ಬಂದರಿಗೆ ಮುಟ್ಟಿದರೆ ಮೊದಲ ಕೆಲಸ ಗಾಡಿ ತೊಳೆಯುವುದು.

“ಯಾವ ನೀರಾಗ?” ಎಂದು ಕೇಳಿದೆ.

“ಸಮುದ್ರದ್ದ ರೀ. ಅಲ್ಲೆ ಸೀನೀರು ಎಲ್ಲೈತಿ? ಬಕೀಟಲೆ ಗಾಲಿಗೂ ಹೊಡೀತೇವಿ, ಬ್ರೇಕ್ ತಂಪಾಗ್ಲಿ ಅಂತ. ಚರ್ ಅಂತ ಹೊಗಿ ಏಳತೈತಿ.”

ಚಹಾದ ಕಪ್ಪನ್ನು ಕೆಳಗಿಟ್ಟೆ. ಇನ್ನೊಮ್ಮೆ ಹೇಳು ಎಂದೆ. ಅವನು ಮತ್ತೆ ಹೇಳಿದ. ಬರುವಾಗ ಮೀನಿನ ಡಬ್ಬಿಗಳಿಂದ ಸೋರುವ ಉಪ್ಪುನೀರು, ಹೋಗುವಾಗ ಘಟ್ಟದ ಕಾವು, ಕಾದ ಕಬ್ಬಿಣದ ಮೇಲೆ ಮತ್ತೆ ಸಮುದ್ರದ ನೀರು. ನಮ್ಮ ಪೌಡರ್ ಕಾವಿನ ಪರೀಕ್ಷೆಯನ್ನು ಒಂದು ದಿನ, ಉಪ್ಪಿನ ಪರೀಕ್ಷೆಯನ್ನು ಇನ್ನೊಂದು ದಿನ ಬರೆದು ಪಾಸಾಗಿತ್ತು. ಎರಡೂ ಒಂದರ ಬೆನ್ನಿಗೆ ಒಂದು ಬಿದ್ದರೆ ಏನಾಗುತ್ತದೆಂದು ನಾವು ನೋಡಿಯೇ ಇರಲಿಲ್ಲ.

ಹೊರಡುವಾಗ ಅವನನ್ನು ಕೇಳಿದೆ, ಘಟ್ಟದ ಕಡೆ ಮತ್ತೆ ಯಾವಾಗ ಎಂದು. ಅವನು ತನ್ನ ಬಲಗಾಲನ್ನು ನೋಡಿಕೊಂಡ. “ಆಗವಲ್ದ್ರಿ ಅಕ್ಕಾರ. ಪೆಡಲ್ ಮ್ಯಾಲ ಪಾದಾ ಇಟ್ರ ಕೆಳಗ ನೆಲಾನ ಇಲ್ಲೇನೋ ಅನಸ್ತೈತಿ.”

ಮರುದಿನವೇ ಹೊಸ ಪರೀಕ್ಷೆ ಶುರುಮಾಡಿದೆ. ಕೆಂಪು ಪೌಡರ್ ಹಚ್ಚಿದ ಕ್ಯಾಲಿಪರನ್ನು ಭಟ್ಟಿಯಲ್ಲಿ ಇನ್ನೂರು ಡಿಗ್ರಿಗೆ ಕಾಯಿಸಿ, ಬಿಸಿ ಇರುವಾಗಲೇ ಉಪ್ಪುನೀರು ಸುರಿದು, ಹಸಿ ಗಾಳಿಯಲ್ಲಿಟ್ಟು, ಮತ್ತೆ ಭಟ್ಟಿಗೆ. ಕೆಲವೇ ಸುತ್ತುಗಳಲ್ಲಿ ಅಂಚುಗಳು ಎದ್ದವು. ಶಿವಾನಂದ ಅವರನ್ನು ಕರೆದು ತೋರಿಸಿದೆ. ಅವರು ಉಗುರಿನಿಂದ ಒತ್ತಿದರು. ಹಪ್ಪಳದ ಚೂರಿನಂತೆ ಕೆಂಪು ಸಿಪ್ಪೆ ಕೈಗೆ ಬಂತು.

ಇನ್ನೊಂದು ತೊಡಕೂ ಇತ್ತು. ಪೌಡರ್ ಪದರ ತಲೆಗೂದಲಿನಷ್ಟು ದಪ್ಪ. ಕ್ಯಾಲಿಪರನ್ನು ಬೋಲ್ಟ್ ಹಾಕಿ ಬಿಗಿಯುವ ಮುಖದ ಮೇಲೆ ಅದು ಇರಬಾರದು. ಕಾವಿಗೆ ಮೆತ್ತಗಾಗಿ ಕುಗ್ಗಿದರೆ ಬೋಲ್ಟಿನ ಬಿಗಿ ಸಡಿಲಾಗುತ್ತದೆ. ಆದ್ದರಿಂದ ಆ ಮುಖಗಳನ್ನು ಮುಚ್ಚಿಟ್ಟು ಬರಿಗಬ್ಬಿಣವಾಗಿಯೇ ಬಿಡುತ್ತೇವೆ. ಉಪ್ಪುನೀರು ಹುಡುಕಿಕೊಂಡು ಬರುವುದು ಅದೇ ಬರಿಗಬ್ಬಿಣವನ್ನು.

“ಇವ್ರದು ಮೀನಿನ ಗಾಡಿ. ಊರಾಗ ಓಡಾಡೂ ಕಾರಿಗೆ ಏನೂ ಆಗೂದಿಲ್ಲಲಾ?” ಶಿವಾನಂದ ಅವರ ದನಿಯಲ್ಲಿ ಆತಂಕವಿತ್ತು. ಕೆಂಪು ಕ್ಯಾಲಿಪರ್‌ಗಳ ಇನ್ನೊಂದು ದೊಡ್ಡ ಲಾಟ್ ಆಗಲೇ ತಯಾರಾಗಿ ನಿಂತಿತ್ತು.

“ಊರಾಗಿನ ಕಾರಿಗೆ ನಡೀತೈತ್ರಿ. ಅದಕ್ಕ ಸಹಿ ಮಾಡತೇನಿ. ಆದ್ರ ಕರಾವಳಿಗೆ ಹೋಗೂ ಗಾಡಿಗೆ ಇದನ್ನ ಕಳಸೂದಿಲ್ಲ.”

“ನಾ ಕಳಸ್ರಿ ಅಂದ್ರ?”

“ನನ್ನ ಸಹಿ ಇಲ್ದ ಕಳಸ್ಬೇಕಾಗತೈತ್ರಿ.”

ಅವರು ಆ ಸಿಪ್ಪೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. “ಹಂಗಾದ್ರ ಯಾವುದು ತಡೀತೈತಿ ಅದನ್ನ ಹುಡಕ್ರಿ. ಆದ್ರ ಮಳಿಗಾಲ ಸುರು ಆಗೂದ್ರಾಗ ಮುಗೀಬೇಕು” ಎಂದು ಹೇಳಿ ಹೋದರು.

ಹುಡುಕುವುದಕ್ಕೆ ಹೆಚ್ಚು ದಾರಿಗಳಿರಲಿಲ್ಲ. ಲೋಹದ ಮೈಯನ್ನೇ ವಿದ್ಯುತ್ತಿನಿಂದ ಗಟ್ಟಿ ಪೊರೆಯಾಗಿಸುವ ಆನೋಡೈಸಿಂಗ್ ಅಲ್ಯೂಮಿನಿಯಮ್ಮಿನಂಥ ಲೋಹಗಳಿಗೆ ಹೊಂದುತ್ತದೆ, ಇದು ಎರಕದ ಕಬ್ಬಿಣ. ಬರೀ ಸತುವಿನ ಲೇಪ ಉಪ್ಪಿಗೆ ಒಳ್ಳೆಯದು, ಆದರೆ ಅದನ್ನು ರಕ್ಷಿಸುವ ಮೇಲ್ಪೊರೆ ಕಾವಿಗೆ ಬಿರಿಯುತ್ತದೆ. ಉಳಿದದ್ದು ಝಿಂಕ್-ನಿಕ್ಕಲ್ ಪ್ಲೇಟಿಂಗ್. ಸತುವಿಗೆ ಒಂದಿಷ್ಟು ನಿಕ್ಕಲ್ ಬೆರೆಸಿ ವಿದ್ಯುತ್ತಿನಿಂದ ಕಬ್ಬಿಣದ ಮೇಲೆ ಕೂರಿಸುವ ಲೇಪ. ಕಾವು, ಉಪ್ಪು ಎರಡನ್ನೂ ತಡೆಯುತ್ತದೆ. ಹತ್ತು ಮೈಕ್ರಾನ್ ಇದ್ದರೆ ಸಾಕು, ಎಂದರೆ ಕೂದಲಿನ ಸುಮಾರು ಏಳರಲ್ಲಿ ಒಂದು ಪಾಲು. ಅಷ್ಟು ತೆಳುವಾದದ್ದರಿಂದ ಬಿಗಿಯುವ ಮುಖಗಳ ಮೇಲೂ ನಿರಾತಂಕವಾಗಿ ಇರಬಹುದು. ತೊಂದರೆ ಒಂದೇ, ಅದರ ಬಣ್ಣ ಒಲೆಯ ಬೂದಿಯಂತೆ.

ನಮ್ಮಲ್ಲಿ ಕ್ಷಾರ ದ್ರಾವಣದ ಝಿಂಕ್-ನಿಕ್ಕಲ್ ತೊಟ್ಟಿ ಇತ್ತು. ಉಕ್ಕಿನ ಭಾಗಗಳಿಗೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಮೊದಲ ಕ್ಯಾಲಿಪರನ್ನು ಅದರಲ್ಲಿ ಇಳಿಸಿ ಎತ್ತಿದಾಗ ನನ್ನ ಮುಖ ಸಣ್ಣದಾಯಿತು. ಅಲ್ಲೊಂದು ಇಲ್ಲೊಂದು ಕಡೆ ಲೇಪ ಕೂತು, ಉಳಿದೆಡೆ ಕಪ್ಪು ಮಚ್ಚೆ. ಎರಕದ ಕಬ್ಬಿಣದಲ್ಲಿ ಪೆನ್ಸಿಲ್ ಕಡ್ಡಿಯಲ್ಲಿರುವಂಥ ಗ್ರಾಫೈಟ್ ಹರಡಿಕೊಂಡಿರುತ್ತದೆ. ಕ್ಷಾರದ ತೊಟ್ಟಿಯಲ್ಲಿ ಅದು ಲೇಪವನ್ನು ಹತ್ತಿರ ಸೇರಿಸುವುದಿಲ್ಲ. ಚೆನ್ನಾಗಿ ಶುಚಿಯಾಗಲಿ ಎಂದು ಆಮ್ಲದಲ್ಲಿ ಹೆಚ್ಚು ಹೊತ್ತು ತೊಳೆದೆವು. ಕಬ್ಬಿಣ ಕರಗಿ ಗ್ರಾಫೈಟ್ ಇನ್ನಷ್ಟು ಮೇಲೆದ್ದಿತು, ಮಚ್ಚೆಗಳು ಹೆಚ್ಚಾದವು. ವಿಠ್ಠಲ ಅವರು ಗುಜರಿ ಕ್ಯಾಲಿಪರ್‌ಗಳನ್ನು ಚೀಲದಲ್ಲಿ ತಂದು ತಂದು ಸುರಿಯುತ್ತಿದ್ದರು. ನಾನು ಕೆಡಿಸಿ ಕೆಡಿಸಿ ಗುಡ್ಡೆ ಹಾಕುತ್ತಿದ್ದೆ.

“ಮೇಡಮ್ಮಾರ, ಹುಬ್ಬಳ್ಳ್ಯಾಗ ಗುಜರಿ ಖಾಲಿ ಆಗಾಕ ಬಂತು” ಎಂದು ಅವರು ಒಂದು ದಿನ ನಕ್ಕರು.

“ಧಾರವಾಡದಾಗ ಇನ್ನೂ ಐತ್ರಿ” ಎಂದೆ. ನನಗೆ ನಗು ಬರಲಿಲ್ಲ. ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ಶುಚಿ ಮಾಡುವ ಕ್ರಮವನ್ನೇ ಬದಲಿಸಿದಾಗ. ಆಮ್ಲವನ್ನು ಬಹುಮಟ್ಟಿಗೆ ಕೈಬಿಟ್ಟೆವು. ನುಣ್ಣನೆಯ ಕಣಗಳನ್ನು ಗಾಳಿಯ ರಭಸದಲ್ಲಿ ಹೊಡೆದು ಮೇಲ್ಮೈ ಶುಚಿ ಮಾಡಿ, ತಡಮಾಡದೆ, ಪ್ರಯೋಗಕ್ಕೆಂದು ಸಣ್ಣ ಪಾತ್ರೆಯಲ್ಲಿ ಮಾಡಿಕೊಂಡ ಆಮ್ಲೀಯ ಝಿಂಕ್-ನಿಕ್ಕಲ್ ದ್ರಾವಣದಲ್ಲಿ ಮೊದಲ ತೆಳು ಪದರ ಕೂರಿಸಿದೆವು. ಆ ಬಗೆಯ ದ್ರಾವಣಕ್ಕೆ ಎರಕದ ಕಬ್ಬಿಣ ಒಗ್ಗುತ್ತದೆ. ಅದರ ಮೇಲೆ ನಮ್ಮ ಮಾಮೂಲಿ ತೊಟ್ಟಿಯ ಲೇಪ, ಆಮೇಲೆ ಕಾವು ತಾಳುವ ಒಂದು ರಕ್ಷಕ ಪೊರೆ. ಪಿಸ್ಟನ್ ಓಡಾಡುವ ಒಳಗುಳಿಗೆ ಮಾತ್ರ ರಬ್ಬರ್ ಬಿರಡೆ ಹಾಕಿ ಏನೂ ತಾಗದಂತೆ ನೋಡಿಕೊಂಡೆವು. ತೊಟ್ಟಿಯಿಂದ ಮೇಲೆ ಬಂದ ಕ್ಯಾಲಿಪರ್ ಮೂಲೆಮೂಲೆಯಲ್ಲೂ ಒಂದೇ ಸಮನೆ ಬೂದುಬಣ್ಣ ತೊಟ್ಟಿತ್ತು. ನನ್ನ ಸೇವೆಯಲ್ಲಿ ಅಷ್ಟು ಚಂದದ ಬೂದುಬಣ್ಣವನ್ನು ನಾನು ಕಂಡಿರಲಿಲ್ಲ. ಭಟ್ಟಿ, ಉಪ್ಪುನೀರು, ಹಸಿಗಾಳಿ, ಮತ್ತೆ ಭಟ್ಟಿ. ಪೌಡರ್ ಸೋತ ಸುತ್ತುಗಳನ್ನು ದಾಟಿ ಬಹುದೂರ ಹೋದರೂ ಅಲ್ಲಲ್ಲಿ ಸತು ಸವೆದ ಗುರುತಾಗಿ ತುಸು ಬಿಳಿ ಹುಡಿ ಕಾಣಿಸಿತೇ ಹೊರತು ಕೆಂಪು ತುಕ್ಕು ಏಳಲಿಲ್ಲ.

ವಿಠ್ಠಲ ಅವರು ಹೊಸ ರಬ್ಬರ್, ಹೊಸ ಪಿನ್, ಹೊಸ ಬ್ರೇಕ್ ಎಣ್ಣೆ ಹಾಕಿ ರಿಯಾಜನ ವ್ಯಾನಿಗೆ ಹಾಗೆ ಲೇಪಿಸಿದ ಒಂದು ಜೊತೆ ಕ್ಯಾಲಿಪರ್‌ಗಳನ್ನು ಕೂರಿಸಿದರು. ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ನಾವೆಲ್ಲ ಸೇರಿದ್ದೆವು. ಬಾಡಿಗೆ ಚಾಲಕ ಹಿಂದಿನ ವಾರವಷ್ಟೇ ಬಿಟ್ಟು ಹೋಗಿದ್ದ. ಯಾರು ನಡೆಸುವುದು ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನೂರಜಹಾನ್ ಮಾತ್ರ, “ನಾ ಯಾರಿಗೂ ಒತ್ತಾಯ ಮಾಡೂದಿಲ್ಲ. ಬ್ಯಾರೆ ಡ್ರೈವರ್ ಸಿಗೂತನಾ ಗಾಡಿ ನಿಂತ್ರ ನಿಲ್ಲಲಿ” ಎಂದು ತಮ್ಮನ ಕಡೆ ನೋಡದೆ ಹೇಳಿದರು.

ರಿಯಾಜ್ ಚಕ್ರದ ಮುಂದೆ ಕೂತು ಕ್ಯಾಲಿಪರನ್ನು ಮುಟ್ಟಿ ನೋಡಿದ. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದ: “ಅಕ್ಕಾರ, ನೀವು ಬಾಜೂಕ ಕುಂದರ್ತೀರೇನ್ರಿ?”

ಅದರಲ್ಲಿ ಸವಾಲಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನೀರಿಗೆ ಇಳಿಯುವವನು ಕೈ ಚಾಚಿದ ಹಾಗೆ ಕೇಳಿದ್ದ.

“ಕುಂದರ್ತೇನಿ. ನಾಳೆ ಹೋಗೂಣು” ಎಂದೆ.

ಮನೆಯಲ್ಲಿ ವಿಷಯ ಹೇಳಿದಾಗ ನಮ್ಮ ಯಜಮಾನರು, “ಫ್ಯಾಕ್ಟರಿ ಕೆಲಸ ಫ್ಯಾಕ್ಟರ್‍ಯಾಗ ಮುಗೀತೈತಿ ಅನಕೊಂಡಿದ್ದೆ” ಎಂದಷ್ಟೇ ಅಂದು, ರಾತ್ರಿಯ ಊಟಕ್ಕೆ ಡಬ್ಬಿಗೆ ರೊಟ್ಟಿ ಕಟ್ಟಲು ನೆರವಾದರು. ಅತ್ತೆಯವರಿಗೆ ಮಾತ್ರ ನಾನು ಮೀನಿನ ವ್ಯಾನಿನಲ್ಲಿ ಹೊರಟಿದ್ದೇನೆಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಹೊರಟೆವು. ಕಲಘಟಗಿ ದಾಟುವವರೆಗೆ ರಿಯಾಜ್ ಅದೂ ಇದೂ ಮಾತಾಡುತ್ತಿದ್ದ. ಯಲ್ಲಾಪುರದಲ್ಲಿ ಚಹಾ ಕುಡಿದ ಮೇಲೆ ಮಾತು ನಿಂತಿತು. ಘಟ್ಟ ಶುರುವಾಗುವ ಮೊದಲು ಗಾಡಿ ನಿಲ್ಲಿಸಿ, ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಸಣ್ಣಗೆ ಮಳೆ ಹನಿಯತೊಡಗಿತು, ಆ ವರ್ಷದ ಮೊದಲ ಮಳೆ.

ಇಳಿಯತೊಡಗಿದೆವು. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಯಿತು. ಪ್ರಯೋಗಾಲಯದಲ್ಲಿ ಎಷ್ಟು ಸಲ ಪಾಸಾದರೂ ಅಲ್ಲಿ ಕಣಿವೆ ಇರುವುದಿಲ್ಲ. ಇಲ್ಲಿ ಎಡಕ್ಕೆ ತಿರುಗಿದರೆ ಗುಡ್ಡ, ಬಲಕ್ಕೆ ನೋಡಿದರೆ ಮರದ ತುದಿಗಳು. ಕೆಳಗಿನಿಂದ ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿದ್ದವು. ಪ್ರತಿ ತಿರುವಿನಲ್ಲೂ ರಿಯಾಜನ ಕಾಲು ಪೆಡಲಿನ ಕಡೆ ಹೋಗುವುದನ್ನು ನೋಡುತ್ತಿದ್ದೆ. ಮೊದಲು ಅವನು ಹೆದರಿ ಹೆದರಿ, ತಟ್ಟಿ ತಟ್ಟಿ ಬಿಡುತ್ತಿದ್ದ.

“ಪೂರಾ ಒತ್ತು. ಅದು ಹಿಡೀತೈತಿ” ಎಂದೆ.

ಒತ್ತಿದ. ವ್ಯಾನು ನೆಟ್ಟಗೆ, ಯಾವ ಕಡೆಗೂ ಎಳೆಯದೆ ನಿಧಾನವಾಯಿತು. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆ ತಿರುವು ಬಂದಾಗ ಅವನೇ ಹೇಳಿದ, “ಇಲ್ಲೇ ರೀ.” ಚರಂಡಿಯ ಅಂಚಿನಲ್ಲಿ ಕಲ್ಲು ಕಿತ್ತುಹೋದ ಗುರುತು ಇನ್ನೂ ಇತ್ತು. ಅವನು ಗೇರು ಬದಲಿಸಿ, ಬ್ರೇಕ್ ಒತ್ತಿ, ತಿರುಗಿಸಿ, ದಾಟಿದ.

ಘಟ್ಟ ಮುಗಿದಲ್ಲಿ ಬದಿಗೆ ನಿಲ್ಲಿಸಿದೆವು. ದೂರದಿಂದಲೇ ಕಾವು ಅಳೆಯುವ ಥರ್ಮಾಮೀಟರ್ ತಂದಿದ್ದೆ. ಎಡಗಡೆಯ ಕ್ಯಾಲಿಪರ್, ಬಲಗಡೆಯ ಕ್ಯಾಲಿಪರ್ ಎರಡಕ್ಕೂ ಹಿಡಿದೆ. ಒಂದು ಕಡೆ ಕಚ್ಚಿಕೊಂಡಿದ್ದರೆ ಆ ಕಡೆ ಕಾವು ಏರಿರುತ್ತಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಇದ್ದವು. ರಿಯಾಜ್ ಥರ್ಮಾಮೀಟರನ್ನು ನನ್ನ ಕೈಯಿಂದ ಇಸಿದುಕೊಂಡು ತಾನೇ ಮತ್ತೆ ನೋಡಿದ, ಮಳೆಯಲ್ಲಿ ನೆನೆಯುತ್ತ, ಎರಡು ಸಲ.

“ಎರಡೂ ಕಡಿ ಒಂದ ಸಮ ಅಕ್ಕಾರ” ಎಂದವನೇ ಫೋನ್ ತೆಗೆದು ಅಕ್ಕನಿಗೆ ಹಚ್ಚಿದ. ಏನು ಹೇಳಿದನೋ ಕೇಳಿಸಲಿಲ್ಲ. ನಾನು ಬೇಕೆಂದೇ ವ್ಯಾನಿನ ಆಚೆ ಬದಿಗೆ ಹೋಗಿ ನಿಂತಿದ್ದೆ.

ಬಂದರಿನಲ್ಲಿ ಅವನು ಎಂದಿನಂತೆ ಬಕೆಟ್ ಹಿಡಿದು ಬಂದಾಗ ತಡೆಯಲಿಲ್ಲ. ಸಮುದ್ರದ ನೀರು ಚಕ್ರಕ್ಕೆ ಬಿದ್ದು ಚರ್ ಎಂದಿತು. ನಮ್ಮ ಲೇಪ ಎದುರಿಸಬೇಕಾದ ನಿಜವಾದ ಪರೀಕ್ಷೆ ಅದೇ ಆಗಿತ್ತು, ನಡೆಯಲಿ ಎಂದುಕೊಂಡೆ.

ಆ ಮಳೆಗಾಲವಿಡೀ, ದೊಡ್ಡ ದೋಣಿಗಳಿಗೆ ನಿಷೇಧವಿದ್ದ ತಿಂಗಳುಗಳಲ್ಲೂ ನಾಡದೋಣಿಯ ಮೀನಿಗಾಗಿ, ರಿಯಾಜನೇ ವ್ಯಾನು ನಡೆಸಿದ. ವಿಠ್ಠಲ ಅವರು ಆಗಾಗ ಚಕ್ರ ಬಿಚ್ಚಿ ನೋಡುತ್ತಿದ್ದರು, ನನಗೆ ಫೋಟೋ ಕಳಿಸುತ್ತಿದ್ದರು. ಮಳೆ ಮುಗಿದ ಮೇಲೆ ಗ್ಯಾರೇಜಿನಲ್ಲಿ ನಾನೇ ಕೂತು ಪೂರ್ತಿ ಬಿಚ್ಚಿಸಿದೆ. ಬೂದುಬಣ್ಣ ಮಾಸಿತ್ತು, ಅಂಚಿನಲ್ಲಿ ಬಿಳಿ ಹುಡಿ ಕಟ್ಟಿತ್ತು. ಕೆಂಪು ತುಕ್ಕು ಎಲ್ಲೂ ಇರಲಿಲ್ಲ. ರಬ್ಬರ್ ಟೋಪಿ ತೆಗೆದು ಗೈಡ್ ಪಿನ್ನನ್ನು ಒಂದು ಬೆರಳಿನಿಂದ ತಳ್ಳಿದೆ. ಎಣ್ಣೆ ಹಾಕಿದ ಬಾಗಿಲ ಚಿಲಕದಂತೆ ಸರಾಗವಾಗಿ ಜಾರಿತು. ನೂರಜಹಾನ್ ತಾವೂ ಒಮ್ಮೆ ತಳ್ಳಿ ನೋಡಿ, “ಉಳಿದ ಎರಡೂ ಗಾಡಿ ನಾಳೆ ಕಳಸ್ತೇನಿ” ಎಂದರು. ನಾನು ಒಂದು ಕರಾರು ಹಾಕಿದೆ. ಪ್ರತಿ ವ್ಯಾನಿನಲ್ಲೂ ಸಿಹಿನೀರಿನ ಕ್ಯಾನುಗಳಿರಬೇಕು, ಬಂದರು ಬಿಡುವ ಮೊದಲು ಚಕ್ರಗಳನ್ನು ಆ ನೀರಿನಿಂದ ತೊಳೆಯಬೇಕು. ಲೇಪ ಎಷ್ಟೇ ಗಟ್ಟಿಯಿದ್ದರೂ ಅದರ ಆಯುಷ್ಯ ಅರ್ಧ ಮಾತ್ರ ನಮ್ಮ ಕೈಯಲ್ಲಿ. ಉಳಿದರ್ಧ ಬಳಸುವವರ ಕೈಯಲ್ಲಿ.

ಶಿವಾನಂದ ಅವರು ಮುಂದೆ ಕ್ಯಾಲಿಪರ್‌ಗಳಿಗೆಂದೇ ಆಮ್ಲೀಯ ದ್ರಾವಣದ ಒಂದು ತೊಟ್ಟಿ ಹಾಕಿಸಿದರು. ಕಾಯಿಸಿ ಉಪ್ಪುನೀರು ಸುರಿಯುವ ಪರೀಕ್ಷೆ ನಮ್ಮ ಘಟಕದ ಕಾಯಂ ನಿಯಮವಾಯಿತು. ನಾನು ನಿವೃತ್ತಳಾಗುವ ತನಕ ಹೊಸದಾಗಿ ಸೇರಿದ ಇಂಜಿನಿಯರುಗಳು ಯಾವ ಲೇಪ ಅತ್ಯುತ್ತಮ ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರವಿಲ್ಲ. ಆ ಭಾಗ ಬೆಳಗಿನಿಂದ ಸಂಜೆಯವರೆಗೆ ಏನೇನು ಸಹಿಸುತ್ತದೆ, ಯಾವುದರ ಹಿಂದೆ ಯಾವುದನ್ನು ಸಹಿಸುತ್ತದೆ ಎಂದು ಅದನ್ನು ಬಳಸುವವರನ್ನು ಕೇಳಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎನ್ನುತ್ತಿದ್ದೆ.

ನನಗಾಗಿ ಮಾತ್ರ ಒಂದು ರೂಢಿ ಉಳಿಸಿಕೊಂಡೆ. ಯಾವ ಲಾಟ್ ಎದುರಿಗೆ ಬಂದರೂ, ಇದನ್ನು ಹಾಕಿಕೊಂಡ ಗಾಡಿಯಲ್ಲಿ ಚಾಲಕನ ಪಕ್ಕ ನಾನು ಕೂರುತ್ತೇನೆಯೇ ಎಂದು ಕೇಳಿಕೊಳ್ಳುತ್ತಿದ್ದೆ. ಬಹಳ ಸಲ ಹೌದು ಎಂಬ ಉತ್ತರ ಬಂತು. ಕೆಲವು ಸಲ ಬರಲಿಲ್ಲ. ಅಂಥ ದಿನ ನಾನು ಪೆನ್ನಿನ ಕ್ಯಾಪ್ ತೆಗೆಯಲಿಲ್ಲ.